ಒಂದಕ್ಕೆ ಇನ್ನೂರು

ಮನೆ ಕಟ್ಟಿ ನೋಡು ಅಂತಾರಲ್ಲ,
ನಾನು ನಾನೂರ ಹನ್ನೆರಡು ಕಟ್ಟಿದೆ, ಹನ್ನೊಂದು ವಾರದಲ್ಲಿ,
ಚಿಮುಟ, ಅಂಟು, ಲೇಸರ್ ಕೊರೆದ ಅಕ್ರಿಲಿಕ್.
ಫುಟ್ಸ್‌ಕ್ರೇಯ ರೈಲು ಸೇತುವೆಯ ಕೆಳಗೆ ನನ್ನ ಕೆಲಸದ ಕೋಣೆ;
ಗೂಡ್ಸ್ ಗಾಡಿ ಹಾದಾಗ ಇಡೀ ಬಡಾವಣೆ
ಮೇಜಿನ ಮೇಲೆ ಸಣ್ಣಗೆ ನಡುಗುತ್ತಿತ್ತು.

ಅಲ್ಲಿದ್ದದ್ದು ಮೇಣದಬತ್ತಿ ಕಾರ್ಖಾನೆ.
ಕೆಡವಿ, ಹೊಸದಕ್ಕೆ ಅದರದೇ ಹೆಸರಿಟ್ಟಿದ್ದಾರೆ,
ತೀರಿಹೋದ ಅಜ್ಜನ ಹೆಸರು ಮೊಮ್ಮಗನಿಗಿಟ್ಟ ಹಾಗೆ.
ಚಿಮಣಿ ಮಾತ್ರ ಉಳಿದಿದೆ. ಬುಡದಲ್ಲಿ ಕಾಫಿ ಅಂಗಡಿ.

ಮನೆ ಹುಟ್ಟುವುದು ಮನೆಯಿಂದಲ್ಲ, ಕೇಳಿ.
ಎಲ್ಲಕ್ಕೂ ಕೆಳಗೆ ಕಾರುಗಳು ಮಲಗುತ್ತವೆ:
ಕಂಬದಿಂದ ಕಂಬಕ್ಕೆ ಮೂರು ಕಾರು, ಎಂಟು ಮೀಟರು ನಲವತ್ತು.
ಮೇಲೆ ಸೂಪರ್‌ಮಾರ್ಕೆಟ್ಟು; ಅದಕ್ಕೆ ಕಂಬ ಕಂಡರಾಗದು,
ಆದರೂ ಕಾರಿನ ಮಾತು ಮೀರದು.
ಆ ಕಂಬಗಳೇ ಏರಿ, ಏರಿ, ಹನ್ನೆರಡನೇ ಮಹಡಿಯಲ್ಲಿ
ಗಂಡ ಹೆಂಡತಿಯ ಮಂಚಕ್ಕೆ ಅಗಲ ಹೇಳುತ್ತವೆ.
ಎಂಟು ನಲವತ್ತನ್ನು ಎರಡು ಸಂಸಾರಕ್ಕೆ ಹಂಚಿದರೆ
ಮುಂದೆ ಹಜಾರ, ಹಿಂದೆ ಅಡುಗೆ, ಅದರ ಹಿಂದೆ ಮಲಗುವ ಕೋಣೆ,
ರೈಲು ಡಬ್ಬಿಯಂತೆ. ಕಿಟಕಿ ಒಂದೇ ತುದಿಗೆ.
ಕೊನೆಯ ಕೋಣೆಗೆ ಗಾಜಿನ ಜಾರುಬಾಗಿಲು; ನಕ್ಷೆಯಲ್ಲಿ ಅದಕ್ಕೆ
‘ಕಡದ ಬೆಳಕು’ ಎಂದು ಬರೆದಿರುತ್ತದೆ.
ಯಾರಿಂದ ಕಡ, ಬಡ್ಡಿ ಎಷ್ಟು, ಬರೆದಿರುವುದಿಲ್ಲ.

ನನ್ನ ಜನ ಒಂಬತ್ತು ಮಿಲಿಮೀಟರು.
ಪ್ಯಾಕೆಟ್ಟಿಗೆ ನೂರು: ಸೈಕಲ್ಲಿನವರು, ನಾಯಿ ಹಿಡಿದವರು.
ಒಬ್ಬರ ಕೈಯಲ್ಲೂ ಬಕೆಟ್ಟಿಲ್ಲ, ಒಬ್ಬರೂ ಕೂತು ಉಸ್ಸಪ್ಪಾ ಅಂದಿಲ್ಲ.
ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದೆಂಬ ನಿಯಮವನ್ನು
ಇವರು ಹುಟ್ಟಾ ಪಾಲಿಸುತ್ತಾರೆ.

ಮಾರಾಟದ ಮಳಿಗೆಯಲ್ಲಿ ಮಾದರಿಗೆ ಕೊನೆಯ ಅಂಟು ಹಾಕುತ್ತಿದ್ದೆ,
ರಾತ್ರಿ ಹತ್ತು ದಾಟಿತ್ತು.
ನೆಲ ಒರೆಸಲು ಬರುವ ತ್ಸೆಹಾಯ್
ಮಾಪ್ ಗೋಡೆಗೊರಗಿಸಿ ಕೇಳಿದಳು: ಇದರಲ್ಲಿ ನಮ್ಮದು ಯಾವುದು?
ಕಡಿಮೆ ಬಾಡಿಗೆಯ ಮೂವತ್ತೆಂಟಕ್ಕೆ ಚೀಟಿ ಎತ್ತಿದ್ದರಂತೆ,
ಅವಳ ಹೆಸರು ಬಂದಿದೆಯಂತೆ, ಮಗನಿಗೆ ಇನ್ನೂ ಹೇಳಿಲ್ಲವಂತೆ.

ಹಿಂಬದಿ, ಅಂದೆ. ಮೂರನೇ ಮಹಡಿ, ಲಾರಿ ಕಟ್ಟೆಯ ಮೇಲೆ.
ಹಾಲಿನ ಲಾರಿ ನಾಲ್ಕಕ್ಕೇ ಬರುತ್ತೆ, ಹಿಂದೆ ಸರಿಯುವಾಗ ಕಿರುಚುತ್ತೆ.
ನಾಲ್ಕಕ್ಕೆ ನಾನು ಕೆಲಸದಲ್ಲಿರ್ತೀನಿ, ಅಂದಳು.
ಬಾಗಿಲು?

ಹಿಂಬದಿ ಗೋಡೆಗೆ ಆತುಕೊಂಡಿತ್ತು. ಮಾದರಿಗಳನ್ನು ಹಾಗೇ ಇಡುವುದು.
ಕಸದ ಕೋಣೆಯ ಪಕ್ಕ, ಓಣಿಯ ಕಡೆ, ನಕ್ಷೆಯಲ್ಲಿ ಬಾಗಿಲಿದೆ.
ಮುಂಬಾಗಿಲಿಗೆ ಹಿತ್ತಾಳೆ ಹಿಡಿಕೆ ಕೂರಿಸಿದ್ದೆ, ಸೂಜಿಮೊನೆಯಷ್ಟು.
ಅವಳದನ್ನು ಕೊರೆದೇ ಇರಲಿಲ್ಲ.
ಬೇಡ ಅಂತ ಯಾರೂ ಹೇಳಿರಲಿಲ್ಲ. ನಾನೇ.

ಇಬ್ಬರೂ ಹಿಡಿದು ಮೇಜನ್ನು ಅರ್ಧ ಸುತ್ತು ತಿರುಗಿಸಿದೆವು;
ಚಿಮಣಿ ಅಲುಗಿತು, ಅವಳು ಅಂಗೈ ಒಡ್ಡಿದಳು.
ಬ್ಲೇಡಿನಲ್ಲಿ ಕೊರೆದೆ, ಹನ್ನೊಂದು ಮಿಲಿಮೀಟರು ಎತ್ತರ.
ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದಳು,
ಬಹಳ ಹೊತ್ತು.
ಕತ್ತಲಿದೆ, ಎಂದಳು. ದೂರಿನ ದನಿಯಲ್ಲಲ್ಲ,
ಅಂಗಡಿಯಲ್ಲಿ ಸೌಟಿನ ಉದ್ದ ನೋಡುವವಳಂತೆ.
ಆಮೇಲೆ ಮೊಬೈಲಿನ ಟಾರ್ಚು ಹಿಡಿದಳು.
ಅವಳ ಭಾಷೆಯಲ್ಲಿ ಅವಳ ಹೆಸರಿಗೆ ಸೂರ್ಯ ಎಂದರ್ಥ;
ನನಗದು ತಿಳಿದದ್ದು ತಿಂಗಳು ಕಳೆದ ಮೇಲೆ.

ಬೆಳಿಗ್ಗೆ ಬ್ರಾನ್ವಿನ್ ಮೇಜನ್ನು ಮತ್ತೆ ಗೋಡೆಗೆ ತಳ್ಳಿಸಿದಳು.
ಆ ಕಡೆ ಬಾಗಿಲಿದೆ, ಅಂದೆ.
ಯಾವ ಬಾಗಿಲು, ಅಂದಳು, ಫೋನಿನಿಂದ ತಲೆಯೆತ್ತದೆ.
ಬಿಲ್ಲಿನಲ್ಲಿ ಸೇರಿಸಿದೆ: ಹೆಚ್ಚುವರಿ ಬಾಗಿಲು, ಒಂದು, ನಲವತ್ತು ಡಾಲರು.
ಮಿಕ್ಕದ್ದೆಲ್ಲ ಬಂದಿದೆ.